ಸೋರೆಯೋ ಹರಳೋ

ಗೋರಿಕಲ್ಲಿನ ಸಮಾಚಾರ ಈ ಹೊತ್ತಿಗೆ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮೈಸೂರಿನ ಕ್ರೈಸ್ತರ ಮನೆಯ ಜಗಳ ಭಾನುವಾರದ ಆರಾಧನೆ ಮುಗಿಯುವಷ್ಟರಲ್ಲಿ ಊರಿನ ಸಭೆಗಳನ್ನೆಲ್ಲ ಸುತ್ತಿ, ಸಂಜೆಯ ರೈಲಿಗೆ ಮಂಡ್ಯ ತಲುಪಿಬಿಡುತ್ತದೆ. ಹಾಗಾಗಿ ಪೂರ್ವಕಥೆಯನ್ನು ಉದ್ದ ಮಾಡುವುದಿಲ್ಲ. ತೀರಿಕೊಂಡ ಅಜ್ಜಿ ನನಗೆ ದೂರದ ನೆಂಟರು. ದೊಡ್ಡ ಮಗ ನಮ್ಮಂತೆಯೇ ಸಿ.ಎಸ್.ಐ. ಎಂಬ ಪ್ರೊಟೆಸ್ಟೆಂಟ್ ಸಭೆಯವರು. ಚಿಕ್ಕ ಮಗ ಮಹಡಿಯ ಮೇಲಿನ ಪ್ರಾರ್ಥನಾಲಯಕ್ಕೆ ಸೇರಿ, ಮಗುವಾಗಿದ್ದಾಗ ಪಡೆದ ದೀಕ್ಷಾಸ್ನಾನ ಸಾಲದೆಂದು ಮತ್ತೊಮ್ಮೆ ತೊಟ್ಟಿಯಲ್ಲಿ ಮುಳುಗಿ ಎದ್ದವರು. ಮಗಳು ಕೆಥೊಲಿಕ್ ಮನೆಗೆ ಸೊಸೆಯಾಗಿ ಹೋದವರು. ತಾಯಿಯ ಗೋರಿಯ ಮೇಲೆ ಬೈಬಲ್ಲಿನ 23ನೆಯ ಕೀರ್ತನೆಯ ಮೊದಲ ಸಾಲು ಇರಬೇಕೆಂಬುದರಲ್ಲಿ ಮೂವರಿಗೂ ಒಮ್ಮತ. ಯಾವ ಬೈಬಲ್ಲಿನ ಸಾಲು ಎಂದು ಕಲ್ಲು ಕೆತ್ತುವವರು ಕೇಳಿದರು ನೋಡಿ, ಅಲ್ಲಿಗೆ ಒಮ್ಮತ ಮುಗಿಯಿತು. ವರ್ಷದ ಪ್ರಾರ್ಥನೆಯೂ ಆಗಿಹೋಯಿತು. ಕಲ್ಲು ಈಗಲೂ ಖಾಲಿ.

ಈ ಪ್ರಕರಣದಲ್ಲಿ ನನಗೆ ಪೂರ್ತಿ ಗೌರವ ಇರುವುದು ಕಲ್ಲು ಕೆತ್ತುವವರ ಮೇಲೆ ಮಾತ್ರ. ಅವರು ಹೇಳಿದ್ದು ಇಷ್ಟೇ: "ಸ್ವಾಮಿ, ನಮ್ಮದು ಅಕ್ಷರದ ಲೆಕ್ಕ. ಯಾವುದು ಚಿಕ್ಕದೋ ಅದನ್ನು ಬರೆದುಕೊಡಿ." ಮೂರು ಸಭೆಗಳ ಪಂಡಿತರು ಕುಳಿತು ಇದಕ್ಕಿಂತ ನ್ಯಾಯವಾದ ಸೂತ್ರವನ್ನು ಕಂಡುಹಿಡಿಯಲಾರರು. ಅಕ್ಷರ ಉಳಿಸುವುದರಲ್ಲೂ ಅಪಾಯವಿದೆ ಅನ್ನಿ. 1631ರಲ್ಲಿ ಲಂಡನ್ನಿನ ರಾಜಮುದ್ರಕರು ಹತ್ತು ಆಜ್ಞೆಗಳಲ್ಲಿ ಒಂದರಿಂದ 'ಬೇಡ' ಎಂಬುದನ್ನು ಬಿಟ್ಟುಬಿಟ್ಟರು. ವ್ಯಭಿಚಾರ ಮಾಡು ಎಂಬುದು ದೇವರ ಆಜ್ಞೆಯಾಗಿ ಅಚ್ಚಾಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು. ಆ ಆಜ್ಞೆಯನ್ನು ಎಷ್ಟು ಜನ ನಿಷ್ಠೆಯಿಂದ ಪಾಲಿಸಿದರು ಎಂಬುದಕ್ಕೆ ದಾಖಲೆ ಇಲ್ಲ.

ಅಣ್ಣನವರ ಪಕ್ಷ ಹಳೆಯ ಸತ್ಯವೇದದ್ದು, ಅಂದರೆ ಪ್ರೊಟೆಸ್ಟೆಂಟರ ಹಳೆಯ ಕನ್ನಡ ಬೈಬಲ್ಲಿನದು. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ನಾಲ್ಕೇ ಪದ, ಕಲ್ಲಿಗೆ ಹೇಳಿ ಮಾಡಿಸಿದ್ದು. ನನಗೂ ಇಷ್ಟ, ಸುಳ್ಳೇಕೆ ಹೇಳಲಿ? ಆದರೆ ಅಣ್ಣನವರ ವಾದ ಇಷ್ಟಕ್ಕೆ ನಿಲ್ಲುವುದಿಲ್ಲ. ಅವರ ಪ್ರಕಾರ ಸೀನಾಯಿ ಬೆಟ್ಟದ ಮೇಲೆ ಮೋಶೆಗೆ ಅಪ್ಪಣೆಯಾದದ್ದೇ ಈ ಕನ್ನಡದಲ್ಲಿ. ಹೀಬ್ರೂ ಆಮೇಲೆ ಬಂತು. "ತಾತಂದಿರ ವೇದದ ಒಂದು ಕೊಂಬನ್ನೂ ಯಾರೂ ಮುಟ್ಟಿಲ್ಲ" ಎನ್ನುತ್ತಾರೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ತಂದರು. ಅದು ಸರಿಯಿಲ್ಲವೆಂದು ಬಾಸೆಲ್ ಮಿಷನ್ನಿನ ವೈಗ್ಲೆ ಮತ್ತು ಮೋಗ್ಲಿಂಗ್ ತಿದ್ದಲು ಕುಳಿತರು. ಅದೂ ಸಾಲದೆಂದು ಇಪ್ಪತ್ತನೆಯ ಶತಮಾನದಲ್ಲಿ ಇನ್ನೊಮ್ಮೆ ತಿದ್ದಿದರು. ಮುಟ್ಟಿದ್ದೇ ಮುಟ್ಟಿದ್ದು. ತಾತನ ತಾತ ಓದಿದ ಪ್ರತಿಯನ್ನು ಇವತ್ತು ಕೈಗೆ ಕೊಟ್ಟರೆ ಅಣ್ಣನವರು "ಇದು ಯಾರದಪ್ಪ ಹೊಸ ದುರುಪದೇಶ" ಎಂದು ಕೇಳುತ್ತಾರೆ.

ಇನ್ನೊಂದು ವಿಷಯ. ಆ ಮಿಷನರಿಗಳ ಪಕ್ಕದಲ್ಲಿ ಕುಳಿತು "ಹಾಗಲ್ಲ ದೊರೆ, ಕನ್ನಡದಲ್ಲಿ ಹೀಗೆ ಅನ್ನುತ್ತಾರೆ" ಎಂದು ದಿನವಿಡೀ ಹೇಳಿಕೊಟ್ಟ ಮುನ್ಷಿಗಳಿದ್ದರು. ಮಿಷನರಿಗಳ ಹೆಸರು ಪೀಠಿಕೆಗಳಲ್ಲಿ ಉಳಿಯಿತು. ಮುನ್ಷಿಗಳಲ್ಲಿ ಒಬ್ಬರ ಹೆಸರನ್ನಾದರೂ ಹೇಳಿ ಎಂದು ಹಳೆಯ ವೇದದ ಕಾವಲುಗಾರರನ್ನು ನಾನು ಕೇಳಿ ನೋಡಿದ್ದೇನೆ. ಗಂಟಲು ಸರಿಮಾಡಿಕೊಳ್ಳುತ್ತಾರೆ.

ತಮ್ಮನ ಆಕ್ಷೇಪ ಬೇರೆ. "ಕುರುಬ ಎಂದು ಕೆತ್ತಿಸಿದರೆ ನೋಡಿದವರು ಅದನ್ನು ಜಾತಿ ಎಂದುಕೊಳ್ಳುತ್ತಾರೆ, ಕುರಿಗಾಹಿ ಎಂದಿರಲಿ." ಮೈಸೂರು-ಮಂಡ್ಯ ಸೀಮೆಯಲ್ಲಿ ನಿಂತು, ಚುನಾವಣೆ ಬಂದಾಗಲೆಲ್ಲ ಜಾತಿಯ ಲೆಕ್ಕವನ್ನು ಬೆರಳ ತುದಿಯಲ್ಲಿ ಹೇಳುವ ಮನುಷ್ಯ ಆಡುವ ಮಾತು! ಮಗಳಿಗೆ ಸಂಬಂಧ ನೋಡುವಾಗ "ಹುಡುಗ ರಕ್ಷಣೆ ಹೊಂದಿದವನೇ?" ಎಂಬ ಮೊದಲ ಪ್ರಶ್ನೆಯ ಬೆನ್ನಿಗೇ "ಮೂಲದಲ್ಲಿ ಯಾವ ಜನ?" ಎಂಬ ಎರಡನೆಯದನ್ನು ಮೆಲ್ಲಗೆ ಇಟ್ಟವರೂ ಇವರೇ. ದೇವರಿಗೆ ಮಾತ್ರ ಜಾತಿ ಅಂಟಬಾರದು.

ಮಗಳ ಗಂಡ, ಕೆಥೊಲಿಕ್ ಭಾವನವರದು ಅಂಕಿಯ ಅಹಂಕಾರ. "ನಮ್ಮಲ್ಲಿ 73 ಪುಸ್ತಕ, ನಿಮ್ಮಲ್ಲಿ 66. ಉಳಿದ ಏಳು ಎಲ್ಲಿ ಹೋದವು?" ಅವರು ಕೇಳುವ ಧಾಟಿ ನೋಡಿದರೆ ನಮ್ಮ ತಾತ ಅವುಗಳನ್ನು ಹರಿದು ದೇವರಾಜ ಮಾರುಕಟ್ಟೆಯ ಹತ್ತಿರ ರದ್ದಿಗೆ ಹಾಕಿ ಕಡಲೆಕಾಯಿ ಕೊಂಡು ತಿಂದಂತಿದೆ. ಆ ಏಳರಲ್ಲಿ ನಿಮಗೆ ಇಷ್ಟವಾದದ್ದು ಯಾವುದು ಎಂದು ಕೇಳಿದೆ. ಕಾಫಿ ಆರುತ್ತಿದೆ ಎಂದರು.

ಮೂಲಕ್ಕೇ ಹೋಗೋಣ ಎಂಬ ಕೂಗೂ ಎದ್ದಿದೆ. ಮೂಲ ಎಂದಾಗಲೆಲ್ಲ ನನಗೆ ಟ್ರಿಪೋಲಿಯ ಬಿಷಪ್ಪರು ನೆನಪಾಗುತ್ತಾರೆ. ಆ ಊರಿಗೆ ಆಗ ಓಯಾ ಎಂದು ಹೆಸರು. ಪಂಡಿತ ಜೆರೋಮ ಹೀಬ್ರೂವಿನಿಂದ ಹೊಸದಾಗಿ ಲ್ಯಾಟಿನ್ನಿಗೆ ತಂದ ಬೈಬಲ್ಲಿನ ಯೋನನ ಪುಸ್ತಕವನ್ನು ಪಾಪ ಆ ಬಿಷಪ್ಪರು ಆರಾಧನೆಯಲ್ಲಿ ಓದಿಸಿದರು. ನಿನೆವೆ ಪಟ್ಟಣವನ್ನು ದೇವರು ನಾಶಮಾಡದೆ ಬಿಟ್ಟನೆಂದು ಸಿಟ್ಟಾಗಿ ಬಿಸಿಲಲ್ಲಿ ಕುಳಿತ ಯೋನನಿಗೆ ದೇವರು ಒಂದು ಗಿಡದ ನೆರಳು ಕೊಡುತ್ತಾನಲ್ಲ, ಆ ಗಿಡ ತಲೆತಲಾಂತರದಿಂದ ಸೋರೆಯಾಗಿತ್ತು. ಜೆರೋಮ ಅದನ್ನು ಗೋಡೆಗೆ ಹಬ್ಬುವ ಐವಿ ಬಳ್ಳಿ ಮಾಡಿದ್ದ. ಸಭೆ ಎದ್ದು ನಿಂತಿತು. ನಮ್ಮ ಸೋರೆ ಎಲ್ಲಿ? ಅದರಲ್ಲೂ ಗ್ರೀಕರ ಗಲಾಟೆ ಜೋರು. ಬಿಷಪ್ಪರು ಊರಿನ ಯೆಹೂದ್ಯರನ್ನು ಸಾಕ್ಷಿ ಕೇಳಿದರು. ಅವರು ಗೊತ್ತಿಲ್ಲದೆಯೋ ತಮಾಷೆಗೋ ಹಳೆಯದೇ ಸರಿ ಎಂದರು. ಖಾಲಿ ಬೆಂಚುಗಳಿಗೆ ಬೋಧಿಸುವ ಹೆದರಿಕೆಯಲ್ಲಿ ಬಿಷಪ್ಪರು ತಿದ್ದಿಕೊಂಡರು. 403ರಲ್ಲಿ ಇನ್ನೊಬ್ಬ ಬಿಷಪ್ ಅಗಸ್ಟೀನ ಇದನ್ನೆಲ್ಲ ಬರೆದು ಜೆರೋಮನಿಗೆ ಪತ್ರ ಕಳುಹಿಸಿದ. ಜೆರೋಮ ಸುಮ್ಮನಿರುವ ಆಸಾಮಿಯಲ್ಲ. ಐವಿಯನ್ನು ಸಮರ್ಥಿಸಿಕೊಂಡು ಉದ್ದದ ಉತ್ತರ ಬರೆದ. ಇಬ್ಬರೂ ಸಂತರು, ಇಬ್ಬರ ಹೆಸರಿನಲ್ಲೂ ಶಾಲೆಗಳಿವೆ.

ಈಗಿನ ವಿದ್ವಾಂಸರಲ್ಲಿ ಹೆಚ್ಚಿನವರು ಏನು ಹೇಳುತ್ತಾರೆ ಗೊತ್ತೇ? ಅದು ಸೋರೆಯೂ ಅಲ್ಲ, ಐವಿಯೂ ಅಲ್ಲ. ಹರಳು ಗಿಡ ಇರಬೇಕು. ನಮ್ಮ ಮಂಡ್ಯದ ಹೊಲದ ಬದುಗಳಲ್ಲಿ ನಿಲ್ಲುವ, ಅಜ್ಜಿಯರು ಎಣ್ಣೆ ಕಾಯಿಸಿ ಮೊಮ್ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳು. ಟ್ರಿಪೋಲಿಯ ಸಭೆಗೆ ಮದ್ದೂರಿನ ಯಾವನಾದರೂ ರೈತನನ್ನು ಕರೆಸಿದ್ದರೆ, ಒಂದೇ ದಿನದಲ್ಲಿ ತಲೆಯ ಮೇಲಕ್ಕೆ ಬೆಳೆಯುವ ತಳಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅವನು ಮೊದಲು ವಿಚಾರಿಸುತ್ತಿದ್ದ.

ಆದರೆ ಆ ಪುಸ್ತಕ ಗಿಡದ ಬಗ್ಗೆ ಬರೆದದ್ದಲ್ಲ. ಹುಳು ತಿಂದು ಗಿಡ ಒಣಗುತ್ತದೆ, ಯೋನ ಸಾಯುವಷ್ಟು ಸಿಟ್ಟಾಗುತ್ತಾನೆ. ನೀನು ನೆಡದ, ನೀರು ಹಾಕದ ಗಿಡಕ್ಕೆ ನಿನಗೆ ಇಷ್ಟು ಸಂಕಟವಾದರೆ, ಎಡ ಬಲ ತಿಳಿಯದ 1,20,000 ಜನರೂ ಅಷ್ಟೊಂದು ದನಕರುಗಳೂ ಇರುವ ನಿನೆವೆಗಾಗಿ ನನಗೆ ಆಗಬಾರದೇ ಎಂದು ದೇವರು ಕೇಳುತ್ತಾನೆ. ಪುಸ್ತಕ ಆ ಪ್ರಶ್ನೆಗೇ ಮುಗಿಯುತ್ತದೆ. ಅದನ್ನು ಕೇಳಿಸಿಕೊಂಡ ಸಭೆ ಎದ್ದು ನಿಂತು ಸೋರೆ ಎಲ್ಲಿ ಎಂದಿತು!

ನಮ್ಮ ಸೀಮೆಯವರೇ ಒಬ್ಬರು ಇದನ್ನೆಲ್ಲ ಮೊದಲೇ ಊಹಿಸಿದ್ದರು. ನಮ್ಮವರು ಎಂದರೆ ಫ್ರೆಂಚರು, ಕೆಥೊಲಿಕ್ ಪಾದ್ರಿ ಅಬ್ಬೆ ದ್ಯುಬುವಾ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ ಬಂದು, ಶ್ರೀರಂಗಪಟ್ಟಣದ ಗಂಜಾಮಿನ ಕಡೆ ಓಡಾಡಿಕೊಂಡು, ಇಲ್ಲಿನವರ ಉಡುಪನ್ನೇ ತೊಟ್ಟು, ಇಲ್ಲಿನವರ ಊಟವನ್ನೇ ಉಂಡು, ಜನರಿಂದ ದೊಡ್ಡ ಸ್ವಾಮಿಯವರು ಎನ್ನಿಸಿಕೊಂಡವರು. 1823ರಲ್ಲಿ ಅವರು ಇಂಡಿಯಾ ಬಿಟ್ಟು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳು ಅಚ್ಚಾದವು. ಈ ದೇಶದ ಭಾಷೆಗಳಿಗೆ ಅವಸರದಲ್ಲಿ ಬೈಬಲ್ಲು ತಂದು ಹಂಚುವುದು ವ್ಯರ್ಥ, ಓದಿದವರು ನಗುತ್ತಾರೆ ಎಂಬುದು ಅವರ ತಕರಾರು. ಪ್ರೊಟೆಸ್ಟೆಂಟರು ಕೆರಳಿ ಮರುವರ್ಷವೇ ಉತ್ತರದ ಪುಸ್ತಕ ಅಚ್ಚು ಹಾಕಿಸಿದರು. ಕಾಗದದ ಯುದ್ಧ ಜೋರಾಗಿಯೇ ನಡೆಯಿತು. ಅವರು ಮೈಸೂರು ಸೀಮೆಯಲ್ಲಿ ಜನರಿಗೆ ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದ್ದರ ಬಗ್ಗೆ ಮಾತ್ರ ಯಾವ ಸಭೆಯೂ ತಕರಾರು ತೆಗೆದಿಲ್ಲ. ಲಸಿಕೆಗೆ ಭಾಷಾಂತರ ಬೇಕಿರಲಿಲ್ಲ.

ನಗುತ್ತಾ ಹೋದರೆ ಇದು ಮುಗಿಯುವುದಿಲ್ಲ. 1901ರ ನವೆಂಬರಿನಲ್ಲಿ ಅಥೆನ್ಸಿನಲ್ಲಿ ಸುವಾರ್ತೆಯನ್ನು ಆಡುಮಾತಿನ ಗ್ರೀಕಿಗೆ ತಂದರೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಎಂಟು ಜನ ಸತ್ತರು. ಆರ್ಚ್‌ಬಿಷಪ್ ರಾಜೀನಾಮೆ ಕೊಟ್ಟರು, ಸರ್ಕಾರವೂ ಬಿತ್ತು. 1536ರಲ್ಲಿ ವಿಲಿಯಂ ಟಿಂಡೇಲನನ್ನು ಕತ್ತು ಬಿಗಿದು ಸುಟ್ಟರು. ಆತ ಮಾಡಿದ ಇಂಗ್ಲಿಷ್ ಭಾಷಾಂತರದ ದೊಡ್ಡ ಪಾಲು 1611ರ ರಾಜಮಾನ್ಯ ಬೈಬಲ್ಲಿನೊಳಗೆ ಸದ್ದಿಲ್ಲದೆ ಸೇರಿಕೊಂಡಿತು. ಆ ಬೈಬಲ್ಲನ್ನು ಬಿಟ್ಟು ಬೇರೆಯದನ್ನು ಮುಟ್ಟುವುದೇ ಪಾಪ ಎನ್ನುವ ಜನ ಇವತ್ತಿಗೂ ಇದ್ದಾರೆ. ಸುಟ್ಟವರು ದೇವರ ಹೆಸರಿನಲ್ಲಿ ಸುಟ್ಟರು, ಪೂಜಿಸುವವರೂ ದೇವರ ಹೆಸರಿನಲ್ಲೇ ಪೂಜಿಸುತ್ತಾರೆ. ಅಷ್ಟರ ಮಟ್ಟಿಗೆ ನಮ್ಮ ಮೈಸೂರಿನವರು ಸಂಭಾವಿತರು. ಇಲ್ಲಿ ಮಾತು ಬಿಡುತ್ತಾರೆ, ನಾಮಕರಣಕ್ಕೆ ಬರುವುದಿಲ್ಲ, ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಹೋಗುತ್ತಾರೆ.

ಆ ಅಜ್ಜಿ ಓದು ಕಲಿತವರಲ್ಲ. ಅವರು 23ನೆಯ ಕೀರ್ತನೆಯನ್ನು ಹೇಳುತ್ತಿದ್ದ ರೀತಿ ಯಾವ ಅಚ್ಚಿನಲ್ಲೂ ಇಲ್ಲ. ಅರ್ಧ ಹಳೆಯ ಸತ್ಯವೇದದ್ದು, ಅರ್ಧ ಯಾವುದೋ ಹಾಡಿನದು, ನಡುವೆ ಕೆಮ್ಮು, ಕೊನೆಗೆ ತಾವೇ ಸೇರಿಸಿದ ಒಂದು "ಅಪ್ಪಾ". ಕಡೆಯ ತಿಂಗಳುಗಳಲ್ಲಿ ಅವರನ್ನು ಎಬ್ಬಿಸಿ ಕೂರಿಸಿ ಗಂಜಿ ಕುಡಿಸುತ್ತಿದ್ದದ್ದು ಪಕ್ಕದ ಮನೆಯ ಮುಸ್ಲಿಂ ಹೆಂಗಸು. ಮೂವರು ಮಕ್ಕಳಿಗೂ ಆಗ ತುಂಬಾ ಕೆಲಸವಿತ್ತು. ದೊಡ್ಡವರಿಗೆ ಪಾಸ್ಟರೇಟ್ ಕಮಿಟಿಯ ಚುನಾವಣೆ, ಚಿಕ್ಕವರಿಗೆ ಉಪವಾಸ ಕೂಟ, ಮಗಳಿಗೆ ಹಬ್ಬದ ನೊವೇನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ. ರಾತ್ರಿಯ ಮಾತ್ರೆ ಯಾರು ಕೊಡಬೇಕೆಂಬ ಬಗ್ಗೆ ಇವರಲ್ಲಿ ಭಿನ್ನಾಭಿಪ್ರಾಯ ಬರಲೇ ಇಲ್ಲ, ಯಾರೂ ಕೊಡಲಿಲ್ಲ. ಈಗ ಸಾಲಿಗಾಗಿ ಬಡಿದಾಡುತ್ತಿದ್ದಾರೆ. ನನಗೆ ಸಾಕಾಗಿದೆ. ತಾಯಿಗೆ ನೀರು ಕೊಡದ ಕೈ ಯಾವ ಭಾಷಾಂತರವನ್ನು ಹಿಡಿದರೇನು?

ಸಂಧಾನಕ್ಕೆ ಮೂರೂ ಸಭೆಗಳ ಗುರುಗಳು, ಅಯ್ಯನವರೂ ಫಾದರೂ ಪಾಸ್ಟರೂ, ಒಟ್ಟಿಗೆ ಕುಳಿತರು. ಇದನ್ನೂ ಪವಾಡದ ಲೆಕ್ಕಕ್ಕೇ ಸೇರಿಸಬೇಕು. ಮೂವರೂ ಬಹಳ ಪ್ರೀತಿಯಿಂದ ಬೋಂಡಾ ತಿಂದರು. ಕಲ್ಲಿನ ಮೇಲೆ ಆ ಚೌಕಚೌಕದ ಕ್ಯೂಆರ್ ಚಿತ್ರ ಕೆತ್ತಿಸಿಬಿಡಿ, ಬಂದವರು ಮೊಬೈಲು ಹಿಡಿದು ತಮಗೆ ಬೇಕಾದ ಭಾಷಾಂತರವನ್ನು ಓದಿಕೊಳ್ಳಲಿ ಎಂದು ಒಬ್ಬ ಹುಡುಗ ಸೂಚಿಸಿದ. ಎಲ್ಲರ ಮುಖವೂ ಅರಳಿತು. ಮೊದಲು ಯಾವ ಆ್ಯಪ್ ತೆರೆದುಕೊಳ್ಳಬೇಕು ಎಂದು ತಮ್ಮ ಕೇಳುವವರೆಗೆ.

ಆ ಹುಡುಗ ದೊಡ್ಡವರ ಮೊಮ್ಮಗ. ಹೋದ ತಿಂಗಳು ಭಾನುವಾರ ಶಾಲೆಯ ಕಂಠಪಾಠ ಸ್ಪರ್ಧೆಯಲ್ಲಿ ಇದೇ ಕೀರ್ತನೆಗೆ ಮೊದಲ ಬಹುಮಾನ ಗೆದ್ದವನು. ಇಡೀ ಕೀರ್ತನೆಯನ್ನು ತಡವರಿಸದೆ ಇಂಗ್ಲಿಷಿನಲ್ಲಿ ಒಪ್ಪಿಸಿದ. ಅಣ್ಣ, ತಮ್ಮ, ಭಾವ ಮೂವರೂ ಅಕ್ಕಪಕ್ಕ ಕುಳಿತು ಚಪ್ಪಾಳೆ ತಟ್ಟಿದರು. ಬಹುಮಾನವಾಗಿ ಕನ್ನಡ ಬೈಬಲ್ ಕೊಟ್ಟಿದ್ದರಂತೆ. ಯಾವ ಭಾಷಾಂತರದ್ದಪ್ಪ ಎಂದು ಕೇಳಿದೆ.

"ಗೊತ್ತಿಲ್ಲ ತಾತ, ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿಲ್ಲ" ಎಂದ.