ಈ ತುಕ್ಕು ಕಬ್ಬಿಣ ಯಾರಿಗೆ ತೋರಿಸೋಣ?

ಇಂಗ್ಲೆಂಡಿನಲ್ಲಿ ರಜೆ ಬಂತೆಂದರೆ ಮೆಟಲ್ ಡಿಟೆಕ್ಟರ್ ಹಿಡಿದು ಉತ್ತ ಹೊಲ ಸುತ್ತುವವರು ಬೇಕಾದಷ್ಟು ಜನ. ನನ್ನ ಸ್ನೇಹಿತರಲ್ಲೂ ಇದ್ದಾರೆ. ನಾನೂ ಸುಮ್ನೆ ಜೊತೆಗೆ ಹೋಗುತ್ತೇನೆ. ಎಲ್ಲರಿಗೂ ಬೇಕಿರುವುದು ಬೆಳ್ಳಿ ನಾಣ್ಯ. ಕಬ್ಬಿಣ ಸಿಕ್ಕರೆ ಮುಖ ಸಿಂಡರಿಸುತ್ತಾರೆ. ಕಬ್ಬಿಣಕ್ಕೆ ಬರುವ ಗೊರ್ ಸದ್ದೇ ಕೇಳದ ಹಾಗೆ ಮಷಿನ್ ಸೆಟ್ ಮಾಡಿಕೊಳ್ಳುವವರೂ ಉಂಟು. ಅಷ್ಟಾದರೂ ಕಬ್ಬಿಣ ಕೈಗೆ ಬಂದರೆ ನೇರ ಗುಜರಿ ಚೀಲಕ್ಕೆ.

ನನ್ನ ಕಣ್ಣು ಆ ಚೀಲದ ಮೇಲೆ. ಒಮ್ಮೆ ಅದರಲ್ಲೊಂದು ಚಪ್ಪಟೆ ತುಂಡು ಇತ್ತು. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾಗಿ ಬಾಗಿತ್ತು. ಹೊರ ಅಂಚಿನುದ್ದಕ್ಕೂ ಮೊಳೆ ತೂತು. ಮುರಿದ ಕುದುರೆ ಲಾಳ ಎಂದು ಎಸೆದಿದ್ದರು. ಆದರೆ ಮುರಿದ ಗುರುತೇ ಇಲ್ಲ, ಸುತ್ತಲೂ ಅಂಚು ನೀಟಾಗಿ ಮುಗಿದಿದೆ. ಎತ್ತಿಗೆ ಲಾಳ ಕಟ್ಟುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತಿನ ಗೊರಸು ಸೀಳಿರುತ್ತದೆ, ಹಾಗಾಗಿ ಒಂದು ಕಾಲಿಗೆ ಎರಡು ತುಂಡು. ಇಲ್ಲಿ ಎತ್ತಿನ ಉಳುಮೆ 20ನೇ ಶತಮಾನದ ಆರಂಭದ ದಶಕಗಳಲ್ಲೇ ಹೆಚ್ಚುಕಡಿಮೆ ನಿಂತುಹೋಯಿತು. ನೋಡಿದ ಕಣ್ಣುಗಳೇ ಈಗಿಲ್ಲ.

ಹಳೆ ಕಬ್ಬಿಣ ಗುರುತಿಸುವುದು ಅಂದರೆ ಹೆಚ್ಚಿನಂಶ ಇಷ್ಟೇ: ಅದು ಯಾವ ಕೆಲಸಕ್ಕೆ, ಹೇಗೆ ಮಾಡಿದ್ದು ಅಂತ ನೋಡುವುದು. ತುಕ್ಕಿನ ದಪ್ಪ ನೋಡಿ ವಯಸ್ಸು ಹೇಳುವವರನ್ನು ನಂಬಬೇಡಿ. ಹುಳಿ ಮಣ್ಣಿನಲ್ಲಿ 100 ವರ್ಷದ ಕೀಲು ಗುರುತು ಸಿಗದ ಮುದ್ದೆಯಾಗಬಹುದು. ಗಾಳಿಯಾಡದ ನದಿ ಕೆಸರಿನಲ್ಲಿ 1,000 ವರ್ಷದ ಕತ್ತಿಯೂ ಗಟ್ಟಿಯಾಗಿ ಉಳಿಯಬಹುದು.

ಮೊಳೆಯನ್ನೇ ತಗೊಳ್ಳಿ. ಕಮ್ಮಾರ ಬಡಿದ ಮೊಳೆ ಚೌಕವಾಗಿರುತ್ತದೆ, ನಾಲ್ಕೂ ಕಡೆಯಿಂದ ಸಣ್ಣಗಾಗುತ್ತಾ ಮೊನೆಗೆ ಬರುತ್ತದೆ, ತಲೆಯ ಮೇಲೆ ಸುತ್ತಿಗೆ ಏಟು ಕಾಣುತ್ತದೆ. 1800ರ ಆಸುಪಾಸಿನಲ್ಲಿ ತಗಡಿನಿಂದ ಕತ್ತರಿಸಿದ ಮೊಳೆ ಬಂತು. ಅದು ಎರಡೇ ಕಡೆಯಿಂದ ಸಣ್ಣಗಾಗುತ್ತದೆ. ದುಂಡನೆಯ ತಂತಿ ಮೊಳೆ ವ್ಯಾಪಕ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ತೊಂದರೆ ಏನೆಂದರೆ, ರೋಮನ್ನರ ಕಾಲದಿಂದ 18ನೇ ಶತಮಾನದವರೆಗೆ ಬಡಿದ ಮೊಳೆ ಹೆಚ್ಚುಕಡಿಮೆ ಹಾಗೇ ಇದೆ. ಒಂಟಿ ಮೊಳೆಗೆ ಕಾಲ ಹೇಳಲಾಗುವುದಿಲ್ಲ. ಜೊತೆಗೆ ಏನು ಸಿಕ್ಕಿತು ಎಂಬುದೇ ಮುಖ್ಯ. ಲಾಳ ಇಷ್ಟು ಸತಾಯಿಸುವುದಿಲ್ಲ. ಹೊರ ಅಂಚು ಅಲೆ ಅಲೆಯಾಗಿದ್ದರೆ ಅದು ಬಹುಪಾಲು 11ರಿಂದ 13ನೇ ಶತಮಾನದ್ದು.

ಇನ್ನು ಈಟಿ. ಚೂಪಾದದ್ದು ಏನೇ ಸಿಕ್ಕರೂ ಎಲ್ಲರಿಗೂ ಅದು ಈಟಿಯೇ ಆಗಬೇಕು! ಮರದ ಕಾವು ಕೂರಿಸಲು ಕೊಳವೆ ಇದೆಯಾ ನೋಡಿ. ಕೊಳವೆ ಇಲ್ಲದೆ ಬರೀ ಚೌಕನೆಯ ಚೂಪು ತುಂಡಾಗಿದ್ದರೆ ಅದು ಹಲುಬೆಯ ಹಲ್ಲಿರಬಹುದು.

ತಂತಿ ಬ್ರಷ್ ಹಿಡಿದು ಉಜ್ಜುವವರನ್ನು ಕಂಡರೆ ಮಾತ್ರ ನನಗೆ ತಡೆಯಲಾಗದ ಸಿಟ್ಟು. ಹಳೆ ಬಕಲ್, ಕುದುರೆ ಸವಾರನ ಹಿಮ್ಮಡಿ ಮುಳ್ಳುಗಳಿಗೆ ತವರದ ಲೇಪ ಇರುತ್ತಿತ್ತು. ಕೆಲವಕ್ಕೆ ಬೆಳ್ಳಿ ಕುಸುರಿಯೂ ಇರುತ್ತಿತ್ತು. ಅದೆಲ್ಲ ಈಗ ಉಳಿದಿರುವುದು ತುಕ್ಕಿನ ಪದರದೊಳಗೇ. ಚಾಕುವಿನ ಮರದ ಹಿಡಿಯ ಗುರುತೂ ಅಲ್ಲೇ. ಅದಕ್ಕೇ ತಿಳಿದವರು ಮೊದಲು ಎಕ್ಸ್‌ರೇ ತೆಗೆಸುತ್ತಾರೆ.

ಇಲ್ಲಿನ 1996ರ ನಿಧಿ ಕಾಯ್ದೆಯ ಗಮನವೆಲ್ಲ ಮುಖ್ಯವಾಗಿ ಚಿನ್ನ ಬೆಳ್ಳಿಯ ಮೇಲೆ. ಒಂಟಿ ಕಬ್ಬಿಣದ ಸಾಮಾನು ಸಾಮಾನ್ಯವಾಗಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಜನರಿಗೆ ಸಿಕ್ಕ ಹಳೆ ವಸ್ತುಗಳನ್ನು ದಾಖಲಿಸಲು 1997ರಲ್ಲಿ ಶುರುವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಅಧಿಕಾರಿಗಳು ಬೇರೆ ಬೇರೆ ಪ್ರದೇಶಗಳಲ್ಲಿ ಇದ್ದಾರೆ. ಸಿಕ್ಕಿದ್ದನ್ನು ಒಯ್ದು ತೋರಿಸಿದರೆ ನೋಡುತ್ತಾರೆ. ಮುಖ್ಯ ಅನ್ನಿಸಿದರೆ ಫೋಟೊ ತೆಗೆದು, ಜಾಗ ಬರೆದುಕೊಂಡು, ಹೆಚ್ಚಾಗಿ ವಾಪಸ್ ಕೊಡುತ್ತಾರೆ. ದಾಖಲೆ 15 ಲಕ್ಷ ದಾಟಿದೆ. ಅದರಲ್ಲಿ ಕಬ್ಬಿಣ ಕಡಿಮೆ ಎಂಬುದು ಗುಜರಿ ಚೀಲದ ಕೃಪೆ.

ನಮ್ಮಲ್ಲಿ ಕಾಯ್ದೆ ಇಲ್ಲ ಅಂತಲ್ಲ. 1972ರ ಕೇಂದ್ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಚಾರಿತ್ರಿಕ ವಸ್ತು ಪುರಾವಸ್ತು. ಅಲ್ಲಿ ಕಬ್ಬಿಣಕ್ಕೂ ಜಾಗವಿದೆ, ಇಂಗ್ಲೆಂಡಿಗಿಂತ ನಮ್ಮದೇ ವಿಶಾಲ. ಆದರೆ ಪಾಯ ತೋಡುವಾಗ ತುಕ್ಕು ಹಿಡಿದ ಬಾಗಿದ ಕತ್ತಿಯೊಂದು ಸಿಕ್ಕಿದರೆ ರೈತ ಯಾರಿಗೆ ತೋರಿಸಬೇಕು? ಇಲಾಖೆಗೆ ಹೇಳಿದರೆ ಎಲ್ಲಿ ಜಮೀನೇ ಹೋಗುತ್ತದೋ ಎಂಬ ಭಯ. ಹೇಳದೆ ಗುಜರಿಗೆ ಹಾಕಿದರೆ ಕೇಳುವವರಿಲ್ಲ. ಸುದ್ದಿಯಾಗುವುದು ನಿಧಿಗಳ್ಳರು ಗರ್ಭಗುಡಿ ಅಗೆದಾಗ ಮಾತ್ರ.

ಹಾಗಂತ ಡಿಟೆಕ್ಟರ್ ಹವ್ಯಾಸ ನಮ್ಮಲ್ಲಿಗೂ ಬರಲಿ ಅಂತ ನಾನು ಹೇಳುವುದಿಲ್ಲ. ನಿಧಿ ಆಸೆಗೆ ಯಂತ್ರವನ್ನೂ ಕೊಟ್ಟಂತಾಗುತ್ತದೆ, ಅಲ್ವಾ? ಬೇಕಿರುವುದು ತೋರಿಸಲು ಒಂದು ಜಾಗ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಸಮಾಧಿಗಳಲ್ಲಿ ಕಬ್ಬಿಣದ ಸಾಮಾನು ಸಿಕ್ಕಿದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಸಿಕ್ಕ ಕಬ್ಬಿಣ ಸುಮಾರು 3,000 ವರ್ಷ ಹಳೆಯದು. ಹೋಲಿಸಿ ನೋಡಲು ಇಂಗ್ಲೆಂಡಿನಲ್ಲಿ ಇಲ್ಲದ ಸೌಲಭ್ಯವೂ ನಮಗಿದೆ: ವೀರಗಲ್ಲುಗಳು. ಕತ್ತಿ, ಬಾಕು, ಗುರಾಣಿ ಎಲ್ಲ ಕೆತ್ತಿ, ಎಷ್ಟೋ ಕಲ್ಲಿನ ಮೇಲೆ ಶಕವರ್ಷವನ್ನೂ ಬರೆದಿಟ್ಟಿದ್ದಾರೆ. ಜಿಲ್ಲೆಗೊಬ್ಬರು ಅಧಿಕಾರಿ, ಒಂದು ಮೇಜು, ಒಂದು ಕ್ಯಾಮೆರಾ ಸಾಕು, ಶುರು ಮಾಡಬಹುದು. ಪಕ್ಕದ ಕುರ್ಚಿಯಲ್ಲಿ ಕುಲುಮೆ ಕೆಲಸ ಮಾಡಿ ವಯಸ್ಸಾದ ಕಮ್ಮಾರರೊಬ್ಬರನ್ನು ಸಂಬಳ ಕೊಟ್ಟೇ ಕೂರಿಸಬೇಕು.