ಬಿಳಿ ಚೂಡಿದಾರ, ಕೆಂಪು ಗುಡ್ಡ

ಬಿಳಿ ಚೂಡಿದಾರ ಹಾಕ್ಕೋ, ಕೆಂಪು ಗುಡ್ಡದ ಮುಂದೆ ಎದ್ದು ಕಾಣುತ್ತೆ ಎಂದಿದ್ದು ನಮ್ಮ ಯಜಮಾನರು. ನಾನೂ ನಂಬಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷ ಆದರೂ ಬುದ್ಧಿ ಬಂದಿಲ್ಲ ನೋಡಿ.

ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ರೂಸಿಯೋಂ ಅಂತ ಒಂದು ಹಳ್ಳಿ. ಊರಿಗೆ ಊರೇ ಕೆಮ್ಮಣ್ಣು ಬಳಿದುಕೊಂಡು ದಿಬ್ಬದ ಮೇಲೆ ಕೂತಿದೆ. ಪಕ್ಕದಲ್ಲೇ ಹಳೇ ಮಣ್ಣಿನ ಗಣಿ. ಟಿಕೆಟ್ ತಗೊಂಡು ಒಳಗೆ ಹೋದರೆ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪಿನ ಗೋಡೆಗಳು, ನಡುನಡುವೆ ಹಸಿರು ಪೈನ್ ಮರ. ಎಲ್ಲಾ ಕಬ್ಬಿಣದ ಅಂಶದ ಮಹಿಮೆ. ಹಿಂದೆ ಇಲ್ಲಿ ಮಣ್ಣು ಅಗೆದು, ನೀರಲ್ಲಿ ತೊಳೆದು ಮರಳು ಬೇರೆ ಮಾಡಿ, ಉಳಿದಿದ್ದನ್ನು ಒಣಗಿಸಿ ಬಣ್ಣ ಅಂತ ಮಾರುತ್ತಿದ್ದರು. ಹಳದಿ ಮಣ್ಣನ್ನು ಸುಟ್ಟು ಕೆಂಪು ಮಾಡುತ್ತಿದ್ದರು. ಬಣ್ಣಕ್ಕೇ ಅಂತ ಅಗೆಯುತ್ತಿದ್ದ ಮಣ್ಣು ಬಟ್ಟೆಗೆ ಹತ್ತದೆ ಇರುತ್ತಾ? ಅದು ಹೊಳೆಯಲಿಲ್ಲ.

"ಇನ್ನೊಂಚೂರು ಹಿಂದೆ ಹೋಗು" ಎಂದರು. ಹೋದೆ. ಕಾಲ ಕೆಳಗಿನ ಪುಡಿ ಮಣ್ಣು ಸರ್ರನೆ ಜಾರಿತು. ಮಕ್ಕಳು ಜಾರುಬಂಡಿ ಆಡುವ ಹಾಗೆ ಕೂತಲ್ಲೇ ನಾಲ್ಕಡಿ ಕೆಳಗಿಳಿದೆ. ಇವರು ಓಡಿ ಬಂದು ಎತ್ತಿದರಾ? ಇಲ್ಲ. ಟಕಟಕಟಕ ಕ್ಲಿಕ್ಕಿಸುತ್ತಲೇ ಇದ್ದರು. ಹನ್ನೊಂದು ಫೋಟೋ!

ಅದೂ ಹೇಗೆ ಬಂದಿತ್ತು ಅಂತೀರಿ? ಗುಡ್ಡ ಬೆಂದ ಕುಂಬಳಕಾಯಿ ಥರ ಸಪ್ಪೆ. ಇಷ್ಟೊಂದು ಕೆಂಪು ಇರೋಕೆ ಸಾಧ್ಯವೇ ಇಲ್ಲ ಅಂದುಕೊಂಡು ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ತಾನೇ ಬಣ್ಣ ತಿದ್ದಿಬಿಟ್ಟಿತ್ತು. ಸೆಟ್ಟಿಂಗ್ ಡೇಲೈಟಿಗೆ ಹಾಕಿದ ಮೇಲೆ ಗುಡ್ಡ ಉರಿಯುವ ಕೆಂಡದ ಹಾಗೆ ಕಂಡಿತು. ಇವರ ಮುಖವೂ ಅರಳಿತು.

"ಇನ್ನೊಂದ್ಸಲ ಬೀಳ್ತೀಯಾ?"

ಉತ್ತರ ಇಲ್ಲಿ ಬರೆಯುವ ಹಾಗಿಲ್ಲ.

ಅಲ್ಲಿಂದ ಒಂದು ಚಿಟಿಕೆ ಮಣ್ಣನ್ನೂ ತರುವಂತಿಲ್ಲ. ನನ್ನ ಹಿಂಬದಿಯಲ್ಲೇ ಕಾಲು ಕೆಜಿ ಇದ್ದಿರಬೇಕು. ಬಾಡಿಗೆ ಕಾರಿನ ಸೀಟಿಗೆ ಪ್ಲಾಸ್ಟಿಕ್ ಚೀಲ ಹಾಸಿ, ಅಪರಾಧಿಯ ಹಾಗೆ ಮುದುರಿ ಕೂತು ಬಂದೆ.

ಊರಿಗೆ ಬಂದು ಚೂಡಿದಾರ ಬಕೆಟ್ಟಿನಲ್ಲಿ ನೆನೆಸಿಟ್ಟೆ. ಅಮ್ಮ ಇಣುಕಿ ನೋಡಿದಳು. "ಅಯ್ಯೋ, ಹೊಸಿಲಿಗೆ ಬಳಿಯೋ ಕೆಮ್ಮಣ್ಣು ಕಣೇ ಇದು! ಇದಕ್ಕೆ ವಿಮಾನ ಹತ್ತಿ ಹೋಗಿದ್ರಾ?"

ಆಮೇಲೆ ಒಂದು ಗಳಿಗೆ ಯೋಚಿಸಿದಳು. "ನೀರು ಚೆಲ್ಲಬೇಡ. ನಾಳೆ ಶುಕ್ರವಾರ."