ಕ್ರೆಡಿಟ್ ಕಾರ್ಡ್ ಹಣ ಬ್ಯಾಂಕ್ ಖಾತೆಗೆ: ಹಾಕಿಕೊಳ್ಳಬಹುದೇ?

ಪರ: ಶುಲ್ಕ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ಗೂಡು ಕೊಳ್ಳುವುದಕ್ಕೆ ಆಗುವುದಿಲ್ಲ. ಖಾತೆಯಲ್ಲಿ ದುಡ್ಡಿರಬೇಕು. ಕಾರ್ಡಿನಲ್ಲಿ ಲಿಮಿಟ್ ಇದೆ, ಖಾತೆ ಖಾಲಿ ಅಂದರೆ ಗೂಡಿನಿಂದ ನೂಲು ತೆಗೆಸುವ ರೀಲರ್ ಏನು ಮಾಡಬೇಕು?

ನಮ್ಮಣ್ಣ ನೂಲು ಬಿಚ್ಚಾಣಿಕೆ ಘಟಕ ನಡೆಸುತ್ತಾನೆ. ಲೆಕ್ಕ ಬರೆಯುವುದು ನಾನು. ಕಳೆದ ಮಳೆಗಾಲದಲ್ಲಿ ನೂಲು ಕೊಂಡ ವ್ಯಾಪಾರಿ ದುಡ್ಡಿಗೆ ಒಂದು ತಿಂಗಳು ಗಡುವು ಕೇಳಿದರು. ಗೂಡು ತರದಿದ್ದರೆ ಘಟಕ ನಿಲ್ಲುತ್ತದೆ. ನಿಂತರೆ ನೂಲು ತೆಗೆಯುವ ಹೆಂಗಸರಿಗೆ ಕೂಲಿ ಇಲ್ಲ. ಅವರು ಬೇರೆ ಕಡೆ ಕೆಲಸ ಹಿಡಿದರೆ ಮತ್ತೆ ಕರೆತರುವುದು ಎಷ್ಟು ಕಷ್ಟ ಅಂತ ಈ ಕಸುಬಿನವರಿಗೆ ಗೊತ್ತು. ಅಣ್ಣ ಬಡ್ಡಿ ಸಾಲಕ್ಕೆ ಹೊರಟಿದ್ದ. ಅಲ್ಲಿ ತಿಂಗಳಿಗೆ ನೂರಕ್ಕೆ 5. "ತಡಿ ಅಣ್ಣ, ಕಾರ್ಡಲ್ಲಿ ಆಗುತ್ತಾ ನೋಡ್ತೀನಿ" ಅಂದೆ.

ಕಾರ್ಡಿನಿಂದ 50,000 ರೂಪಾಯಿ ಮೊಬೈಲ್ ವ್ಯಾಲೆಟ್‌ಗೆ ತುಂಬಿಸಿ, ಅಲ್ಲಿಂದ ಖಾತೆಗೆ ಕಳಿಸಿದೆ. ಶುಲ್ಕ 2%, ಅದರ ಮೇಲೆ 18% ಜಿಎಸ್‌ಟಿ. ಒಟ್ಟು 1,180 ರೂಪಾಯಿ. ಹಿಂದಿನ ಬಿಲ್ ಆಗಷ್ಟೇ ಬಂದಿತ್ತು. ಹಾಗಾಗಿ ಇದನ್ನು ಕಟ್ಟಲು ಹತ್ತಿರ ಹತ್ತಿರ ಒಂದೂವರೆ ತಿಂಗಳು ಸಿಕ್ಕಿತು. ಅಷ್ಟು ದಿನಕ್ಕೆ ಬಡ್ಡಿ ಸಾಲವಾದರೆ 3,750 ರೂಪಾಯಿ! ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದು ಅಣ್ಣನಿಗೆ ತೋರಿಸಿದೆ. ವ್ಯಾಪಾರಿ ದುಡ್ಡು ಕೊಟ್ಟ ದಿನವೇ ಪೂರ್ತಿ ಬಿಲ್ ಕಟ್ಟಿದೆ. ಘಟಕ ಒಂದು ದಿನವೂ ನಿಲ್ಲಲಿಲ್ಲ.

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನೋಟು ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಶುಲ್ಕದ ಜೊತೆ ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಕೆಲವು ಬ್ಯಾಂಕ್‌ಗಳು ವ್ಯಾಲೆಟ್ ತುಂಬಿಸಿದ್ದಕ್ಕೂ ಬೇರೆ ಶುಲ್ಕ ಹಿಡಿಯುತ್ತವೆ, ಅದನ್ನು ಮೊದಲೇ ನೋಡಿಕೊಳ್ಳಬೇಕು. ಕಾರ್ಡ್ ಅಂದರೆ ಸಾಕು ಹೆದರಿಸುವವರು ಹೆಚ್ಚಾಗಿ ಒಂದನೇ ತಾರೀಖು ಸಂಬಳ ಎಣಿಸುವವರು. ನಮಗೆ ಬರಬೇಕಾದ ದುಡ್ಡು ತಡವಾಗಿ ಬರುತ್ತದೆ, ಬಂದೇ ಬರುತ್ತದೆ. ಆ ಮಧ್ಯದ ದಿನಗಳಿಗೆ ಇದಕ್ಕಿಂತ ಅಗ್ಗದ ದಾರಿ ಅಷ್ಟು ಬೇಗ ನಮಗೆ ಯಾರು ಕೊಡುತ್ತಾರೆ?

ವಿರೋಧ: ಬೆಳೆಯ ಗಡುವು ಬೇರೆ, ಬಿಲ್ಲಿನ ಗಡುವು ಬೇರೆ

ವಿರೋಧವಾಗಿ ಬರೆಯಿರಿ ಅಂದರು, ಒಪ್ಪಿದೆ. ಆಸ್ಪತ್ರೆಯಂಥ ತುರ್ತಿಗೆ ಈ ದಾರಿ ಬೇಡವೇ ಬೇಡ ಅಂತ ನಾನೂ ಹೇಳಲಾರೆ. ಆದರೆ ಇದನ್ನು ಪುಕ್ಕಟೆ ದುಡ್ಡು ಅಂದುಕೊಳ್ಳುವವರೇ ಜಾಸ್ತಿ.

ನಮ್ಮ ಕೋಲಾರದ ಟೊಮೆಟೊ ನೋಡಿ. ನಾಟಿಯಿಂದ ಮೊದಲ ಕೊಯ್ಲಿಗೆ ಎರಡು ತಿಂಗಳಾದರೂ ಬೇಕು. ಕೋಲು, ದಾರ, ಔಷಧಿ, ಕೂಲಿ ಎಲ್ಲವೂ ಅದಕ್ಕೂ ಮುಂಚೆ. ಕಾರ್ಡ್ ಬಿಲ್ಲಿಗೆ ಸಿಗುವುದು ಸಾಮಾನ್ಯವಾಗಿ ಹೆಚ್ಚೆಂದರೆ 45–50 ದಿನ. ಮಂಡಿಯಲ್ಲಿ ರೇಟು ಬಿದ್ದರೆ ಕನಿಷ್ಠ ಮೊತ್ತ ಕಟ್ಟಿ ಉಳಿದದ್ದನ್ನು ಮುಂದಕ್ಕೆ ಹಾಕುತ್ತೇವೆ. ಆಗ ಅನೇಕ ಕಾರ್ಡ್‌ಗಳಲ್ಲಿ ತಿಂಗಳಿಗೆ ಸುಮಾರು 3.5% ಬಡ್ಡಿ, ಅಂದರೆ ವರ್ಷಕ್ಕೆ 42%. ಹೊಸದಾಗಿ ಉಜ್ಜಿದ್ದಕ್ಕೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಬಡ್ಡಿ 30% ದಾಟಬಾರದು ಎಂದಿದ್ದ ಗ್ರಾಹಕ ಆಯೋಗದ ಆದೇಶವನ್ನೂ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದೆ.

ಬಾಡಿಗೆ ಹೆಸರಲ್ಲಿ ಕಾರ್ಡಿನಿಂದ ಹಣ ಕಳಿಸುವ ದಾರಿಯೂ ಒಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಬಿಗಿ ಮಾಡಿದ ಮೇಲೆ ಹಲವು ಆ್ಯಪ್‌ಗಳು ಅದನ್ನು ನಿಲ್ಲಿಸಿದವು.

ರಾಜ್ಯದ ಸಹಕಾರ ಸಂಘಗಳಲ್ಲಿ ರೈತರಿಗೆ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲದ ಯೋಜನೆ ಇದೆ. ಅಲ್ಲಿ ಓಡಾಟ ಜಾಸ್ತಿ, ನಿಜ. ಆದರೂ ಬಿತ್ತನೆಗೆ ಮುಂಚೆಯೇ ಸೊಸೈಟಿಗೆ ಹೋಗಿ ಅರ್ಜಿ ಕೊಡಿ.